ಬೋನ್ಸಾಯ್‌ನ ಒಣಕೊಂಬೆ ಸಹಜವಾಗಿ ಕಾಣಬೇಕಾದರೆ

ಪ್ರಶ್ನೆ: ನರ್ಸರಿಯಿಂದ ತಂದ ಜೂನಿಪರ್ ಗಿಡವೊಂದನ್ನು ಹಲವು ವರ್ಷಗಳಿಂದ ಕುಂಡದಲ್ಲಿ ಬೆಳೆಸುತ್ತಿದ್ದೇನೆ. ಬೇಡವಾಗಿದ್ದ ಎರಡು ಕೆಳಕೊಂಬೆಗಳನ್ನು ಕತ್ತರಿಸಿ, ಉಳಿದ ಮೋಟುಗಳ ತೊಗಟೆ ಸುಲಿದು, ತುದಿ ಚೂಪು ಮಾಡಿ, ಮರುದಿನ ಲೈಮ್ ಸಲ್ಫರ್ ಎಂಬ ಸುಣ್ಣ-ಗಂಧಕದ ದ್ರಾವಣ ಹಚ್ಚಿದೆ. ಜಪಾನಿನ ಬೋನ್ಸಾಯ್‌ಗಳಲ್ಲಿ ಕಾಣುವ ಬೆಳ್ಳಿಬಣ್ಣದ ಒಣಕೊಂಬೆಗಳು ಬರುವುದರ ಬದಲು ಅವು ಸುಣ್ಣ ಬಳಿದ ಗೂಟಗಳಂತೆ ಕಾಣುತ್ತಿವೆ. ಇದನ್ನು ಸರಿಪಡಿಸುವುದು ಹೇಗೆ? ಕಾಂಡದ ತೊಗಟೆಯನ್ನೂ ಸುಲಿಯಬಹುದೇ? ನನ್ನಲ್ಲಿ ಒಂದು ಆಲ ಮತ್ತು ಒಂದು ಹುಣಸೆಯ ಬೋನ್ಸಾಯ್ ಕೂಡ ಇವೆ. ಅವುಗಳ ಮೇಲೆ ಇದೇ ಕೆಲಸ ಮಾಡಬಹುದೇ? — ಮೈಸೂರಿನ ಓದುಗರೊಬ್ಬರು

ಉತ್ತರ: ನೀವು ಕಳಿಸಿದ ಚಿತ್ರಗಳನ್ನು ನೋಡಿದೆ. ತೊಗಟೆ ಸುಲಿದ ರೀತಿಯಲ್ಲಾಗಲಿ ಔಷಧ ಹಚ್ಚಿದ ಕ್ರಮದಲ್ಲಾಗಲಿ ದೊಡ್ಡ ದೋಷವೇನೂ ಇಲ್ಲ. ಗಿಡವೂ ಆರೋಗ್ಯವಾಗಿದೆ. ಕೊರತೆ ಇರುವುದು ಬೇರೆ ಕಡೆ. ಆ ಎರಡು ಕೊಂಬೆಗಳು ಯಾವ ಕಾರಣದಿಂದ ಸತ್ತವು ಎಂಬ ಪ್ರಶ್ನೆಗೆ ನಿಮ್ಮ ಗಿಡದಲ್ಲಿ ಉತ್ತರ ಸಿಗುವುದಿಲ್ಲ. ಕತ್ತರಿಯಿಂದ ಸತ್ತವು ಎಂಬುದಷ್ಟೇ ಕಾಣುತ್ತದೆ. ಹಿಮದ ಭಾರಕ್ಕೆ ಸೀಳಿದ ಕೊಂಬೆ, ಸಿಡಿಲಿಗೆ ಸಿಕ್ಕಿದ ತುದಿ, ಬಂಡೆ ಉರುಳಿ ತೊಗಟೆ ಕಿತ್ತುಹೋದ ಕಾಂಡ, ನೀರಿಲ್ಲದೆ ಒಂದು ಬೇರು ಸತ್ತು ಅದರ ಮೇಲಿನ ಭಾಗವೆಲ್ಲ ಒಣಗಿದ ಮರ, ಇವು ಪ್ರತಿಯೊಂದೂ ಒಣಗಿದ ಭಾಗಕ್ಕೆ ಬೇರೆ ಬೇರೆ ರೂಪವನ್ನು ಕೊಡುತ್ತವೆ. ಆದ್ದರಿಂದ ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಕಾರಣವನ್ನು ನಿರ್ಧರಿಸಿಕೊಳ್ಳಬೇಕು. ಆಮೇಲಿನ ಆಕಾರವನ್ನು ಆದಷ್ಟೂ ಮರದ ನಾರಿಗೇ ಬಿಡಬೇಕು. ನನ್ನ ಉತ್ತರದ ತಿರುಳು ಇಷ್ಟೇ. ಉಳಿದದ್ದು ಇದನ್ನು ಕೈಯಲ್ಲಿ ಮಾಡುವ ವಿಧಾನ.

ಈ ಕಲೆಗೆ ಮಾದರಿಯಾದ ಮರಗಳು ಎಲ್ಲಿ ಬೆಳೆದವು ಎಂಬುದನ್ನು ತಿಳಿದರೆ ಕಾರಣದ ಮಾತು ಸ್ಪಷ್ಟವಾಗುತ್ತದೆ. ಜಪಾನಿನಲ್ಲಿ ಶಿಂಪಾಕು ಎಂದು ಕರೆಯುವ ಜೂನಿಪರ್‌ನ ಅತ್ಯುತ್ತಮ ಗಿಡಗಳು ಬಂದದ್ದು ಶಿಕೊಕು ದ್ವೀಪದ ಇಶಿಝುಚಿ ಬೆಟ್ಟದಿಂದ ಮತ್ತು ನೀಗಾತ ಪ್ರಾಂತ್ಯದ ಇಟೊಯಿಗಾವಾ ಸುತ್ತಲಿನ ಸುಣ್ಣಕಲ್ಲಿನ ಕಡಿದಾದ ಬಂಡೆಗಳಿಂದ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಗಿಡ ಸಂಗ್ರಹಿಸುವವರು ಹಗ್ಗ ಕಟ್ಟಿಕೊಂಡು ಆ ಬಂಡೆಗಳಿಗೆ ಇಳಿದು ಅವನ್ನು ಕಿತ್ತು ತಂದರು. ಜಪಾನ್ ಸಮುದ್ರದ ಕಡೆಯ ಇಟೊಯಿಗಾವಾ ಪ್ರದೇಶದಲ್ಲಿ ಚಳಿಗಾಲದುದ್ದಕ್ಕೂ ಭಾರಿ ಹಿಮ ಬೀಳುತ್ತದೆ. ಹಿಮದ ಭಾರಕ್ಕೆ ಕೊಂಬೆ ಕೆಳಕ್ಕೆ ಬಾಗಿ, ಕೊನೆಗೆ ಬುಡದಲ್ಲಿ ಸೀಳಿ, ಕಾಂಡದ ತೊಗಟೆಯ ಒಂದು ಪಟ್ಟಿಯನ್ನೂ ತನ್ನೊಂದಿಗೆ ಎಳೆದುಕೊಂಡು ಜೋತುಬೀಳುತ್ತದೆ. ಮೇಲಿನಿಂದ ಕಲ್ಲು ಉರುಳುತ್ತದೆ. ಬಂಡೆಯ ಬಿರುಕಿನಲ್ಲಿ ಬೇರಿಗೆ ಸಿಗುವ ಮಣ್ಣು ಬಹಳ ಕಡಿಮೆ. ಅಲ್ಲಿನ ಮರಗಳಲ್ಲಿ ಸತ್ತ ಭಾಗ ಹೆಚ್ಚು, ಬದುಕಿದ ಭಾಗ ಕಡಿಮೆ. ಆದರೂ ಆ ಸಣ್ಣ ಭಾಗವೇ ಮೇಲಿನ ಹಸಿರನ್ನು ಸಾಕುತ್ತಿರುತ್ತದೆ.

ಇದು ಹೇಗೆ ಸಾಧ್ಯ ಎಂಬುದರಲ್ಲಿಯೇ ಒಣಮರದ ರೂಪದ ಗುಟ್ಟಿದೆ. ಬೇರು ಹೀರಿದ ನೀರು ಕಟ್ಟಿಗೆಯ ಹೊರಪದರಗಳ ಮೂಲಕ ಮೇಲೇರುತ್ತದೆ. ಎಲೆ ತಯಾರಿಸಿದ ಆಹಾರ ತೊಗಟೆಯ ಒಳಪದರದ ಮೂಲಕ ಕೆಳಗಿಳಿಯುತ್ತದೆ. ಇವೆರಡರ ನಡುವೆ, ತೊಗಟೆ ಸುಲಿದಾಗ ಬೆರಳಿಗೆ ಹಸಿಹಸಿಯಾಗಿ ಜಾರುವ ಕೇಂಬಿಯಂ ಎಂಬ ತೆಳುಪದರವು ಎರಡು ಕಡೆಗೂ ಹೊಸ ಕೋಶಗಳನ್ನು ಕೂಡಿಸುತ್ತ ಹೋಗುತ್ತದೆ. ಜೂನಿಪರ್‌ನಲ್ಲಿ ಒಂದು ಬದಿಯ ಬೇರು ಮುಖ್ಯವಾಗಿ ತನ್ನ ಸಾಲಿನ ಕೊಂಬೆಗಳಿಗೇ ನೀರು ಕೊಡುತ್ತದೆ, ಆ ಕೊಂಬೆಗಳೂ ಮುಖ್ಯವಾಗಿ ಅದೇ ಬೇರನ್ನು ಪೋಷಿಸುತ್ತವೆ. ಒಂದು ಕೊಂಬೆ ಸತ್ತರೆ ಅದರ ಕೆಳಗಿನ ತೊಗಟೆಯ ಪಟ್ಟಿ ಆಹಾರವಿಲ್ಲದೆ ಕ್ರಮೇಣ ಸೊರಗಿ ಸಾಯುತ್ತದೆ. ಒಂದು ಬೇರು ಸತ್ತರೆ ಅದರ ಮೇಲಿನ ಸಾಲು ಒಣಗುತ್ತದೆ. ಹೀಗೆ ನಿಸರ್ಗದಲ್ಲಿ ಒಣಗಿದ ಭಾಗವು ಕಾಂಡದ ಮೇಲೆ ಎಲ್ಲೋ ಒಂದು ಕಡೆ ತೇಪೆಯಾಗಿ ಇರುವುದಿಲ್ಲ. ಸತ್ತ ಕೊಂಬೆಯಿಂದ ಸತ್ತ ಬೇರಿನ ಕಡೆಗೆ, ನಾರು ಹೋದ ದಾರಿಯಲ್ಲಿಯೇ ಇಳಿಯುತ್ತದೆ. ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್ ಬೆಟ್ಟಗಳಲ್ಲಿ, 3,000 ಮೀಟರಿಗೂ ಎತ್ತರದಲ್ಲಿ ಬೆಳೆಯುವ ಬ್ರಿಸಲ್‌ಕೋನ್ ಪೈನ್‌ಗಳು ಇದಕ್ಕೆ ದೊಡ್ಡ ಸಾಕ್ಷಿ. 4,800 ವರ್ಷ ದಾಟಿದ ಮರವೂ ಇರುವ ಆ ಕಾಡಿನಲ್ಲಿ ಎಷ್ಟೋ ಮರಗಳು ಒಂದೇ ಒಂದು ತೊಗಟೆಪಟ್ಟಿಯ ಬಲದಿಂದ ಬದುಕಿವೆ.

ಈಗ ನಿಮ್ಮ ಮೋಟುಗಳಿಗೆ ಬರೋಣ. ಜಪಾನೀಯರು ಒಣಗಿಸಿದ ಕೊಂಬೆ ಅಥವಾ ತುದಿಯನ್ನು ಜಿನ್ ಎಂದೂ ಕಾಂಡದ ಮೇಲೆ ತೊಗಟೆ ತೆಗೆದ ಭಾಗವನ್ನು ಶಾರಿ ಎಂದೂ ಕರೆಯುತ್ತಾರೆ. ಈ ಹೆಸರುಗಳು ಎಲ್ಲೆಡೆ ಬಳಕೆಯಲ್ಲಿರುವುದರಿಂದ ನಾನೂ ಅವನ್ನೇ ಬಳಸುತ್ತೇನೆ. ನಿಮ್ಮ ಎರಡು ಜಿನ್‌ಗಳೂ ಒಂದೇ ಉದ್ದ ಇವೆ, ಬುಡದಿಂದ ತುದಿಯವರೆಗೆ ದುಂಡಗೆ ನಯವಾಗಿವೆ, ಚಾಕುವಿನಿಂದ ಸುತ್ತಲೂ ಹೆರೆದು ಮೊನೆ ಮಾಡಿದಂತಿವೆ. ಮುರಿದ ಕೊಂಬೆ ಎಂದಿಗೂ ಸುತ್ತಲೂ ಸಮನಾಗಿ ಮೊನೆಯಾಗುವುದಿಲ್ಲ. ಅದು ನಾರಿನ ಗುಂಟ ಸೀಳುತ್ತದೆ. ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡವಾಗುತ್ತದೆ. ನಡುವೆ ಸಿಬಿರುಗಳು ಉಳಿಯುತ್ತವೆ.

ಇದನ್ನು ಮಾಡುವ ಸರಿಯಾದ ದಾರಿ ಕತ್ತರಿಸುವುದಲ್ಲ, ಹರಿಯುವುದು. ಹೊಸ ಕೊಂಬೆಯಾದರೆ ಬುಡದಲ್ಲಿ, ಕಾಂಡಕ್ಕೆ ಸೇರುವ ಉಬ್ಬಿನ ಹೊರಗೆ, ಹರಿತವಾದ ಚಾಕುವಿನಿಂದ ತೊಗಟೆಯನ್ನಷ್ಟೇ ಸುತ್ತಲೂ ಕೊಯ್ಯಿರಿ. ಆ ಗೆರೆಯಿಂದಾಚೆ ತೊಗಟೆಯನ್ನು ಇಕ್ಕಳದಿಂದ ಮೆಲ್ಲಗೆ ಅದುಮುತ್ತ ಹೋದರೆ ಅದು ಸಡಿಲಗೊಂಡು ಬೆರಳಿನಲ್ಲಿ ಸುಲಿದು ಬರುತ್ತದೆ. ಗಿಡ ಚಿಗುರುತ್ತಿರುವ ಕಾಲದಲ್ಲಿ ಇದು ಸುಲಭ, ಬೆಳವಣಿಗೆ ನಿಂತಾಗ ತೊಗಟೆ ಕಟ್ಟಿಗೆಗೆ ಅಂಟಿಕೊಂಡು ಕಷ್ಟ ಕೊಡುತ್ತದೆ. ಆಮೇಲೆ ತುದಿಯನ್ನು ಕಟರ್‌ನಿಂದ ಅಡ್ಡಕ್ಕೆ ಕತ್ತರಿಸದೆ ಉದ್ದಕ್ಕೆ ಸೀಳಿ, ಎರಡು ಅಥವಾ ಮೂರು ಹೋಳು ಮಾಡಿ. ಒಂದು ಹೋಳನ್ನು ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು, ಕೊಂಬೆಯಿಂದ ಹೊರಕ್ಕೆ ಮಡಚುತ್ತ ಕಾಂಡದ ಕಡೆಗೆ ನಿಧಾನವಾಗಿ ಎಳೆಯಿರಿ. ನಾರು ತನಗೆ ಬೇಕಾದ ಕಡೆ ಓಡುತ್ತದೆ. ಎಲ್ಲಿ ಸಣ್ಣ ಗಂಟಿದೆಯೋ ಅಲ್ಲಿ ಸುತ್ತಿ ಬಳಸಿ ಹೋಗುತ್ತದೆ, ಎಲ್ಲಿ ಕೊಂಬೆ ತಿರುಚಿದೆಯೋ ಅಲ್ಲಿ ಸಿಬಿರೂ ತಿರುಚುತ್ತದೆ. ಕೈಯಲ್ಲಿ ಉಳಿದ ಸಿಬಿರನ್ನು ತಿರುವಿ ನೋಡಿ. ಅದರ ಮೇಲಿನ ಗೆರೆಗಳು ಒಂದು ಕಡೆಗೆ ಓರೆಯಾಗಿ ಸುತ್ತುತ್ತಿದ್ದರೆ ನಿಮ್ಮ ಗಿಡದ ಕಾಂಡದಲ್ಲಿಯೂ ನಾರು ಅದೇ ದಿಕ್ಕಿಗೆ ಸುತ್ತುತ್ತಿರುವ ಸಾಧ್ಯತೆ ಹೆಚ್ಚು. ಮುಂದೆ ಕಾಂಡದ ಕೆಲಸಕ್ಕೆ ಈ ಸುಳಿವು ಬಹಳ ಬೆಲೆಯುಳ್ಳದ್ದು.

ನಿಮ್ಮ ಮೋಟುಗಳು ಈಗಾಗಲೇ ಗಿಡ್ಡವಾಗಿವೆ, ಆದರೂ ಎರಡರಲ್ಲಿ ದಪ್ಪಗಿರುವುದನ್ನು ಹೀಗೆಯೇ ಉದ್ದಕ್ಕೆ ಸೀಳಿ ಮೇಲಿನ ಅರ್ಧವನ್ನು ಹರಿದು ತೆಗೆಯಬಹುದು. ಹರಿದ ಜಾಗ ಕಾಂಡಕ್ಕೆ ಸೇರುವಲ್ಲಿ ಒಂದು ಸಣ್ಣ ತಗ್ಗು ಉಂಟಾದರೆ ಇನ್ನೂ ಒಳ್ಳೆಯದು. ಇನ್ನೊಂದನ್ನು ಅದರ ಅರ್ಧದಷ್ಟು ಉದ್ದಕ್ಕೆ ಇಳಿಸಿ. ಎರಡು ಒಣಕೊಂಬೆಗಳು ಒಂದೇ ಅಳತೆಯಲ್ಲಿ ಎದುರು-ಬದುರು ನಿಂತರೆ ಎಷ್ಟು ಒಳ್ಳೆಯ ಕೆತ್ತನೆಯೂ ಅವನ್ನು ಸಹಜಗೊಳಿಸಲಾರದು. ನನ್ನನ್ನು ಕೇಳಿದರೆ, ಹಿಂಬದಿಯ ಮೋಟನ್ನು ಪೂರ್ತಿ ತೆಗೆದು ಅದರ ಜಾಗವನ್ನು ಸಣ್ಣ ಪೊಟರೆಯಾಗಿ ಬಿಡುವುದೇ ಉತ್ತಮ.

ಮುಂದಿನ ಸಲ ಕೊಂಬೆ ತೆಗೆಯುವಾಗ ಒಂದು ವಿಷಯವನ್ನು ಅವಶ್ಯವಾಗಿ ನೆನಪಿಡಿ: ಕೊಂಬೆಯ ಪಕ್ಕದ ರೆಂಬೆಗಳನ್ನು ಮೊದಲೇ ಸವರಿ ಹಾಕಬೇಡಿ. ಬೆಟ್ಟದ ಮೇಲಿನ ಒಣಕೊಂಬೆ ಕವಲೊಡೆದಿರುತ್ತದೆ. ತೆಳು ರೆಂಬೆಗಳು ಮೊದಲು ಉದುರಿ ಅವುಗಳ ಬುಡಗಳು ಮಾತ್ರ ಉಳಿದಿರುತ್ತವೆ. ಆ ಬುಡಗಳೇ ಒಂದು ಕಾಲದಲ್ಲಿ ಇದು ಎಲೆ ಹೊತ್ತ ಕೊಂಬೆಯಾಗಿತ್ತು ಎಂಬುದನ್ನು ನೋಡುವವರಿಗೆ ತಿಳಿಸುತ್ತವೆ. ಬೇಕೆನಿಸಿದ್ದಕ್ಕಿಂತ ಉದ್ದವಾಗಿಯೇ ಉಳಿಸಿಕೊಳ್ಳಿ. ಗಿಡ್ಡ ಮಾಡುವುದು ಯಾವಾಗ ಬೇಕಾದರೂ ಆಗುತ್ತದೆ. ಹಸಿ ಕಟ್ಟಿಗೆ ಬಾಗುತ್ತದೆ ಎಂಬುದೂ ಗಮನದಲ್ಲಿರಲಿ. ತೊಗಟೆ ಸುಲಿದ ಕೂಡಲೇ ತಂತಿ ಸುತ್ತಿ, ಜೀವಂತ ಕೊಂಬೆಗಳಿಗಿಂತ ಸ್ವಲ್ಪ ಹೆಚ್ಚು ಕೆಳಮುಖವಾಗಿ ಬಾಗಿಸಿ ಬಿಟ್ಟರೆ ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಭಾರದಿಂದ ಕುಸಿದು ಸತ್ತ ಕೊಂಬೆಯ ಭಾವ ಇಷ್ಟರಿಂದಲೇ ಬರುತ್ತದೆ.

ಕಾಂಡದ ತೊಗಟೆ ಸುಲಿಯಬಹುದೇ ಎಂದು ಕೇಳಿದ್ದೀರಿ. ಜೂನಿಪರ್‌ನಲ್ಲಿ ಖಂಡಿತ ಮಾಡಬಹುದು, ನಿಮ್ಮ ಗಿಡಕ್ಕೆ ಅದು ಬೇಕೂ ಬೇಕು. ಕೊಂಬೆಯ ಬುಡದಲ್ಲಿಯೇ ಒಣಮರ ಥಟ್ಟನೆ ನಿಂತು, ಅದರ ಕೆಳಗೆ ಕಾಂಡ ಪೂರ್ತಿ ತೊಗಟೆಯಿಂದ ಮುಚ್ಚಿರುವುದೇ ಈಗಿನ ಅಸಹಜತೆಗೆ ದೊಡ್ಡ ಕಾರಣ. ಆದರೆ ಈ ಕೆಲಸದಲ್ಲಿ ಅವಸರ ಕೂಡದು. ಮೊದಲು ಪ್ರತಿಯೊಂದು ಜೀವಂತ ಕೊಂಬೆಯಿಂದ ಬೇರಿನವರೆಗೆ ನಾರಿನ ದಾರಿಯನ್ನು ಕಣ್ಣಿನಲ್ಲಿ ಹಿಂಬಾಲಿಸಿ. ತೊಗಟೆಯ ಬಿರುಕುಗಳು, ಕಾಂಡದ ಮೇಲಿನ ಉಬ್ಬು-ತಗ್ಗುಗಳು ದಾರಿ ತೋರಿಸುತ್ತವೆ. ಉಬ್ಬಿದ ಭಾಗಗಳಲ್ಲಿ ಬೆಳವಣಿಗೆ ಚುರುಕಾಗಿರುತ್ತದೆ, ಅವನ್ನು ಮುಟ್ಟಬಾರದು. ಎರಡು ಉಬ್ಬುಗಳ ನಡುವಿನ ತಗ್ಗು ಶಾರಿಗೆ ತಕ್ಕ ಜಾಗ. ಒಣಕೊಂಬೆಯ ಬುಡದಿಂದ ಆರಂಭಿಸಿ, ಆ ತಗ್ಗಿನ ಗುಂಟ, ನಾರು ಸುತ್ತುವ ದಿಕ್ಕಿನಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ, ಕೆಲವು ದಿನ ಹಾಗೆಯೇ ಬಿಟ್ಟು, ಬರುವಾಗ ಹೋಗುವಾಗ ಬೇರೆ ಬೇರೆ ಬದಿಯಿಂದ ನೋಡಿ. ಗೆರೆಯ ಎರಡು ಅಂಚುಗಳು ಸಮಾನಾಂತರವಾಗಿರಬಾರದು. ಕೊಂಬೆ ಹರಿದ ಕಡೆ ಅಗಲವಾಗಿ, ನಡುವೆ ಕಿರಿದಾಗಿ, ಬೇರಿನ ಬಳಿ ಮತ್ತೆ ಹರಡಿದರೆ ಕಾರಣಕ್ಕೂ ರೂಪಕ್ಕೂ ಹೊಂದಾಣಿಕೆ ಬರುತ್ತದೆ. ಮುಂಭಾಗದ ನಟ್ಟನಡುವೆ ನೇರ ಪಟ್ಟಿಯಾಗಿ ಇಳಿಸಬೇಡಿ. ಬದಿಯಿಂದ ಹೊರಟು ಮುಂದಕ್ಕೆ ಸುತ್ತಿ ಮತ್ತೆ ಹಿಂದಕ್ಕೆ ಮರೆಯಾಗುವ ಶಾರಿ ಕಾಂಡಕ್ಕೆ ಚಲನೆಯನ್ನು ಕೊಡುತ್ತದೆ.

ಮೊದಲ ವರ್ಷ ಬೆರಳಿನಗಲಕ್ಕಿಂತ ಕಡಿಮೆ ಪಟ್ಟಿ ಸಾಕು. ಒಮ್ಮೆಗೇ ಕಾಂಡದ ಸುತ್ತಳತೆಯ ಕಾಲು ಭಾಗಕ್ಕಿಂತ ಹೆಚ್ಚು ತೊಗಟೆ ತೆಗೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅಂಚುಗಳನ್ನು ಹರಿತವಾದ ಚಾಕುವಿನಿಂದ ಒಂದೇ ಎಳೆತಕ್ಕೆ ಕೊಯ್ದು, ಗಾಯಕ್ಕೆ ಹಚ್ಚುವ ಪೇಸ್ಟನ್ನು ಅಂಚಿಗೆ ಮಾತ್ರ ಲೇಪಿಸಿ. ಒಂದೆರಡು ಬೆಳವಣಿಗೆಯ ಕಾಲ ಕಳೆದಾಗ ಜೀವಂತ ತೊಗಟೆಯ ಅಂಚು ಉಬ್ಬಿ, ಒಣಮರಕ್ಕಿಂತ ಎತ್ತರಕ್ಕೆ ಏಳುತ್ತದೆ. ನೋಡುವ ಕಣ್ಣಿಗೆ ಆಳ ಒದಗಿಸುವುದು ಈ ಉಬ್ಬು. ಇದನ್ನು ಯಾವ ಉಳಿಯಿಂದಲೂ ಕೆತ್ತಿ ತರಲಾಗದು, ಗಿಡವೇ ಮಾಡಬೇಕು. ಆಮೇಲೆ ಪಟ್ಟಿಯನ್ನು ಇನ್ನಷ್ಟು ಅಗಲ ಮಾಡಬಹುದು. ಹೀಗೆ ಎರಡು ಮೂರು ಹಂತಗಳಲ್ಲಿ ಅಗಲಗೊಂಡ ಶಾರಿಯಲ್ಲಿ ಹಳೆಯ ಭಾಗ ಬೂದುಬಣ್ಣಕ್ಕೆ ತಿರುಗಿ, ಹೊಸ ಅಂಚು ತಿಳಿಯಾಗಿದ್ದು, ವರ್ಷಗಳು ಒಂದರ ಮೇಲೊಂದು ಕೂಡಿದ್ದು ಕಾಣುತ್ತದೆ. ಜೀವಂತ ಭಾಗದ ಮೇಲೆ ಸಡಿಲವಾಗಿ ಅಂಟಿಕೊಂಡಿರುವ ಹಳೆಯ ತೊಗಟೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆದರೆ ಒಳಗಿನ ಕೆಂಗಂದು ಬಣ್ಣ ಹೊರಬಂದು, ಬಿಳಿಯ ಒಣಮರದ ಪಕ್ಕದಲ್ಲಿ ಬಹಳ ಚೆನ್ನಾಗಿ ಎದ್ದುಕಾಣುತ್ತದೆ. ಒಳಗಿನ ಹಸಿ ಪದರಕ್ಕೆ ಬ್ರಷ್ ತಾಗದಂತೆ ಮಾತ್ರ ನೋಡಿಕೊಳ್ಳಿ.

ಮೇಲ್ಮೈಯ ಬಗ್ಗೆ ಎರಡು ಮಾತು. ಜಪಾನಿನ ಒಮಿಯಾದ ಬೋನ್ಸಾಯ್ ಕಲಾವಿದ ಮಸಾಹಿಕೊ ಕಿಮುರ ಅವರು ವಿದ್ಯುತ್ ಯಂತ್ರಗಳಿಂದ ದೊಡ್ಡ ದೊಡ್ಡ ಜೂನಿಪರ್‌ಗಳನ್ನು ಕೆತ್ತಿ ತೋರಿಸಿದ ಮೇಲೆ ಇಂಥ ಯಂತ್ರಗಳು ಎಲ್ಲೆಡೆ ಹರಡಿದವು. ದಪ್ಪ ಮೋಟುಗಳಲ್ಲಿ ಹೆಚ್ಚಿನ ಕಟ್ಟಿಗೆ ತೆಗೆಯಲು ಅವು ಬೇಕೇ ಬೇಕು. ಆದರೆ ತಿರುಗುವ ಬಿಟ್ ನಾರನ್ನು ಲೆಕ್ಕಿಸುವುದಿಲ್ಲ, ಅಡ್ಡಕ್ಕೂ ಉದ್ದಕ್ಕೂ ಒಂದೇ ಥರ ತಿನ್ನುತ್ತದೆ, ದುಂಡನೆಯ ಗುಳಿಗಳನ್ನು ಬಿಡುತ್ತದೆ. ನಿಮ್ಮ ಗಿಡದ ಗಾತ್ರಕ್ಕೆ ಯಂತ್ರದ ಅಗತ್ಯವಿಲ್ಲ. ಸಣ್ಣ ಗೋರುಳಿ, ಇಕ್ಕಳ ಮತ್ತು ಹಿತ್ತಾಳೆಯ ತಂತಿ ಬ್ರಷ್ ಸಾಕು. ಯಂತ್ರ ಬಳಸಿದ್ದೇ ಆದರೆ ಕೊನೆಯ ಪದರವನ್ನು ಕೈಯಿಂದಲೇ ನಾರಿನ ಗುಂಟ ಎಳೆದು ತೆಗೆಯಬೇಕು, ಕನ್ನಡಕವನ್ನು ಮರೆಯದೆ ಹಾಕಿಕೊಳ್ಳಬೇಕು.

ಕೆತ್ತಿದ ಮೇಲೆ ಉಳಿಯುವ ಜುಂಗುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿದರೆ ಮೇಲ್ಮೈ ಪೀಠೋಪಕರಣದ ನುಣುಪಿಗೆ ಬಂದುಬಿಡುತ್ತದೆ. ಅದರ ಬದಲು ಸಣ್ಣ ಗ್ಯಾಸ್ ಟಾರ್ಚಿನ ಉರಿಯನ್ನು ಒಣಮರದ ಮೇಲೆ ಬೇಗಬೇಗ ಆಡಿಸಿ. ಜೀವಂತ ತೊಗಟೆಯನ್ನೂ ಎಲೆಗಳನ್ನೂ ಒದ್ದೆ ಬಟ್ಟೆಯಿಂದ ದಪ್ಪಗೆ ಮುಚ್ಚಿರಬೇಕು, ನೀರಿನ ಬಕೆಟ್ ಪಕ್ಕದಲ್ಲಿರಬೇಕು. ಜುಂಗುಗಳು ಮೊದಲು ಸುಟ್ಟುಹೋಗುತ್ತವೆ. ನಂತರ ಮೇಲ್ಮೈ ಕಪ್ಪಾಗುತ್ತದೆ. ತಣ್ಣಗಾದ ಮೇಲೆ ಹಿತ್ತಾಳೆ ಬ್ರಷ್ಷಿನಿಂದ ನಾರಿನ ಗುಂಟ ತಿಕ್ಕಿದರೆ ಮಸಿ ಉದುರುತ್ತದೆ, ಅದರ ಜೊತೆಗೆ ಪ್ರತಿವರ್ಷದ ಉಂಗುರದಲ್ಲಿ ಮೊದಲು ಬೆಳೆದ ಮೆತ್ತನೆಯ ಕಟ್ಟಿಗೆ ಹೆಚ್ಚು ಸವೆದು, ಆಮೇಲೆ ಬೆಳೆದ ಗಟ್ಟಿ ಕಟ್ಟಿಗೆ ಸಣ್ಣ ಏಣುಗಳಾಗಿ ನಿಲ್ಲುತ್ತದೆ. ಬಿಸಿಲು, ಮಳೆ, ಮರಳುಗಾಳಿ ಹತ್ತಾರು ವರ್ಷ ಮಾಡುವ ಕೆಲಸವೂ ಇದೇ ಆದ್ದರಿಂದ ಇದು ಸಹಜವಾಗಿ ಕಾಣುತ್ತದೆ. ಕೊಂಬೆ-ಕಾಂಡ ಸೇರುವ ಮೂಲೆಗಳಲ್ಲಿ ಸ್ವಲ್ಪ ಕಪ್ಪು ಹಾಗೆಯೇ ಉಳಿದರೆ ತೆಗೆಯಲು ಹೋಗಬೇಡಿ, ಅದು ನೆರಳಿನ ಕೆಲಸ ಮಾಡುತ್ತದೆ.

ಇನ್ನು ಬಣ್ಣ. ನಿಸರ್ಗದಲ್ಲಿ ಒಣಮರ ಬೆಳ್ಳಿಬಣ್ಣಕ್ಕೆ ಬರುವುದು ಬಿಸಿಲಿನ ಅತಿನೇರಳೆ ಕಿರಣಗಳು ಕಟ್ಟಿಗೆಯ ಲಿಗ್ನಿನ್ ಅಂಶವನ್ನು ಒಡೆದು, ಮಳೆ ಅದನ್ನು ತೊಳೆದು, ಮೇಲೆ ನಾರಿನಂಶ ಮಾತ್ರ ಉಳಿಯುವುದರಿಂದ. ಲೈಮ್ ಸಲ್ಫರ್ ಎಂದರೆ ಸುಣ್ಣ ಮತ್ತು ಗಂಧಕವನ್ನು ನೀರಿನಲ್ಲಿ ಕುದಿಸಿ ಮಾಡುವ, ತೋಟಗಾರಿಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಶಿಲೀಂಧ್ರನಾಶಕ. ಹಚ್ಚಿದಾಗ ಹಳದಿಯಾಗಿದ್ದು, ಗಾಳಿ-ಬಿಸಿಲಿಗೆ ಒಣಗುತ್ತ ಬಿಳಿಯಾಗುತ್ತದೆ. ಅದರ ಮುಖ್ಯ ಕೆಲಸ ಕೊಳೆಯದಂತೆ ತಡೆಯುವುದು, ಬಿಳುಪು ಅದರ ಜೊತೆಗೆ ಬರುವಂಥದ್ದು. ನೀವು ಸುಲಿದ ಮರುದಿನವೇ, ಹಸಿ ಕಟ್ಟಿಗೆಗೆ, ದ್ರಾವಣವನ್ನು ಹಾಗೆಯೇ ದಪ್ಪಗೆ ಹಚ್ಚಿದ್ದೀರಿ. ಅದು ಒಳಗಿಳಿಯದೆ ಮೇಲೆ ಸುಣ್ಣದ ಪದರವಾಗಿ ಕೂತಿದೆ. ಸುಲಿದ ಮೇಲೆ ಕೆಲವು ವಾರ, ಸಾಧ್ಯವಾದರೆ ಎರಡು ಮೂರು ತಿಂಗಳು, ಕಟ್ಟಿಗೆಯನ್ನು ಬಿಸಿಲಿಗೆ ಬಿಟ್ಟು ಒಣಗಿಸಬೇಕು. ಹಚ್ಚುವ ದಿನ ಮೊದಲು ಒಣಮರದ ಮೇಲ್ಮೈಯನ್ನು ನೀರಿನಿಂದ ತೇವ ಮಾಡಿದರೆ ದ್ರಾವಣ ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೆ ಸಮನಾಗಿ ನೀರು ಬೆರೆಸಿ, ಚಿತ್ರ ಬರೆಯುವ ಕಪ್ಪು ಇಂಕಿನ ಒಂದೆರಡು ಹನಿ ಕೂಡಿಸಿದರೆ ಬರೀ ಬಿಳುಪಿನ ಬದಲು ಬೂದುಬಿಳುಪು ಬರುತ್ತದೆ. ಪೊಟರೆ, ಬಿರುಕು, ಮೂಲೆಗಳಿಗೆ ಇಂಕು ಇನ್ನೂ ಸ್ವಲ್ಪ ಹೆಚ್ಚಿರಲಿ. ಈಗ ನಿಮ್ಮ ಜಿನ್‌ಗಳ ಮೇಲಿರುವ ದಪ್ಪ ಪದರವನ್ನು ನೀರು ಮತ್ತು ಗಟ್ಟಿ ಬ್ರಷ್ಷಿನಿಂದ ತಿಕ್ಕಿ ತೆಗೆದು, ಮೇಲೆ ಹೇಳಿದ ಸೀಳುವ ಕೆಲಸ ಮುಗಿಸಿ, ಒಣಗಿದ ಮೇಲೆ ಮತ್ತೆ ಹಚ್ಚಿ.

ಈ ದ್ರಾವಣವನ್ನು ಮನೆಯ ಹೊರಗೇ ಬಳಸಬೇಕು. ಕೊಳೆತ ಮೊಟ್ಟೆಯ ವಾಸನೆ ಸಹಿಸಬಹುದು, ಆದರೆ ಅದು ಬಹಳ ಕ್ಷಾರೀಯವಾದುದರಿಂದ ಕಣ್ಣಿಗೆ, ಚರ್ಮಕ್ಕೆ ಅಪಾಯ. ಕೈಗವಸು, ಕನ್ನಡಕ ಇರಲೇಬೇಕು. ಶೌಚಾಲಯ ತೊಳೆಯುವ ಆಮ್ಲದಂಥ ಯಾವ ಆಮ್ಲವೂ ಅದಕ್ಕೆ ಬೆರೆಯಕೂಡದು. ಬೆರೆತರೆ ಪ್ರಾಣಾಪಾಯಕ್ಕೆ ಕಾರಣವಾಗುವ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಬರುತ್ತದೆ. ಮಕ್ಕಳಿಗೆ ಸಿಗುವ ಜಾಗದಲ್ಲಿ ಬಾಟಲಿ ಇಡಬೇಡಿ. ಕುಂಡದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಜೀವಂತ ತೊಗಟೆಗೆ ಹನಿ ತಾಗದಂತೆ ಸಣ್ಣ ಬ್ರಷ್ಷಿನಿಂದ ಹಚ್ಚಿ.

ನಮ್ಮ ಹವೆಯಲ್ಲಿ ಒಣಮರವನ್ನು ಮಾಡುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಬ್ರಿಸಲ್‌ಕೋನ್‌ನ ಬೆಟ್ಟಗಳಲ್ಲಿ ಚಳಿ ಮತ್ತು ಒಣಹವೆ ಕಟ್ಟಿಗೆಯನ್ನು ಸಾವಿರಾರು ವರ್ಷ ಕಾಯುತ್ತವೆ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ ಆರುವುದೇ ಇಲ್ಲ, ಮೇಲೆ ಹಸಿರು ಪಾಚಿ ಕಟ್ಟುತ್ತದೆ, ನೆಲಕ್ಕೆ ತಾಗಿದ ಕುಂಡಕ್ಕೆ ಗೆದ್ದಲು ಏರುತ್ತದೆ. ಜೂನಿಪರ್‌ನ ಚೇಗಿನಲ್ಲಿರುವ ರಾಳ ಮತ್ತು ಎಣ್ಣೆಯ ಅಂಶ ಕೊಳೆಯುವುದನ್ನು ತಡೆಯುತ್ತದೆ ನಿಜ, ಆದರೆ ನರ್ಸರಿಯ ಎಳೆಗಿಡದ ಬೆರಳುಗಾತ್ರದ ಕೊಂಬೆಯಲ್ಲಿ ಚೇಗು ಇರುವುದು ಬಹಳ ಕಡಿಮೆ. ಉಳಿದದ್ದೆಲ್ಲ ಬೇಗ ಕುಂಬಾಗುವ ಹೊರಗಟ್ಟಿಗೆ. ಆದ್ದರಿಂದ ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ನವೆಂಬರ್‌ನಲ್ಲಿ ಒಮ್ಮೆ, ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಣಗಿಸಿ, ತೆಳುವಾಗಿ ಲೈಮ್ ಸಲ್ಫರ್ ಹಚ್ಚಿ. ಒಣಮರ ಮೊದಲು ಹಾಳಾಗುವುದು ಮಣ್ಣಿಗೆ ತಾಗುವ ಜಾಗದಲ್ಲಿ. ಶಾರಿ ಬೇರಿನವರೆಗೆ ಇಳಿದಿದ್ದರೆ ಆ ಭಾಗದ ಸುತ್ತ ಮಣ್ಣು ಸರಿಸಿ ಸಣ್ಣ ಕಲ್ಲು ತುಂಬಿ. ಅಲ್ಲಿ ಪಾಚಿಯ ಹೊದಿಕೆ ಎಷ್ಟೇ ಅಂದವಾಗಿ ಕಂಡರೂ ಬೆಳೆಯಲು ಬಿಡಬೇಡಿ. ಈಗಾಗಲೇ ಮೆತ್ತಗಾಗಿದ್ದರೆ, ಮೆತ್ತನೆಯದನ್ನು ಗಟ್ಟಿ ಕಟ್ಟಿಗೆ ಸಿಗುವವರೆಗೆ ಕೆರೆದು ತೆಗೆದು, ಪೂರ್ತಿ ಒಣಗಿದ ಮೇಲೆ ಕಟ್ಟಿಗೆ ಗಟ್ಟಿ ಮಾಡುವ ದ್ರಾವಣವನ್ನು ಕುಡಿಸಬಹುದು.

ಆಲದ ವಿಷಯದಲ್ಲಿ ನನ್ನ ಸಲಹೆ ನೇರವಾಗಿದೆ: ಜಿನ್ ಬೇಡ, ಶಾರಿಯೂ ಬೇಡ. ಆಲದ ಕಟ್ಟಿಗೆ ಮೆದು, ಒಂದೆರಡು ಮಳೆಗಾಲದಲ್ಲಿ ಕುಂಬಾಗುತ್ತದೆ. ಅದಲ್ಲದೆ ಗಾಯವನ್ನು ಬೇಗ ಮುಚ್ಚಿಕೊಳ್ಳುವುದು ಅದರ ಸ್ವಭಾವ. ನೀವು ನೋಡಿದ ಯಾವ ಹಳೆಯ ಆಲದ ಮರದಲ್ಲಿಯೂ ಬೆಳ್ಳಿಬಣ್ಣದ ಒಣಕೊಂಬೆ ಎದ್ದುಕಂಡ ನೆನಪು ನಿಮಗಿರಲಾರದು. ಆಲದಲ್ಲಿ ವಯಸ್ಸು ಕಾಣುವುದು ಬಿಳಲುಗಳಲ್ಲಿ, ಒಂದಕ್ಕೊಂದು ಬೆಸೆದ ಕಾಂಡಗಳಲ್ಲಿ, ಹರಡಿದ ಬೇರಿನಲ್ಲಿ. ಆ ಗಿಡದಲ್ಲಿ ಅವನ್ನೇ ಬೆಳೆಸಿ. ಬೋಗನ್‌ವಿಲ್ಲಾ ಇಟ್ಟುಕೊಂಡವರಿಗೂ ಕಟ್ಟಿಗೆಯ ಮಟ್ಟಿಗೆ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಗಟ್ಟಿ ಕಟ್ಟಿಗೆಯ ಗಾಳಿಮರ, ಸೀಬೆ, ದಾಳಿಂಬೆಗಳಲ್ಲಿ ಒಣಮರ ಹೆಚ್ಚು ಕಾಲ ನಿಲ್ಲುತ್ತದೆ. ತಿರುಚಿದ ಕಾಂಡದ ದಾಳಿಂಬೆಯನ್ನು ಜಪಾನೀಯರು ಬೋನ್ಸಾಯ್‌ಗೆಂದೇ ಬೆಳೆಸುತ್ತ ಬಂದಿದ್ದಾರೆ.

ಹುಣಸೆ ಇವೆಲ್ಲಕ್ಕಿಂತ ಬೇರೆ, ಮತ್ತು ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಸಂತೋಷ ಕೊಟ್ಟದ್ದು ಅದೇ. ಅದಕ್ಕೆ ಕೈ ಹಾಕುವ ಮೊದಲು ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪಿಗೆ ಒಮ್ಮೆ ಹೋಗಿಬನ್ನಿ. 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ, ದೇಶದಲ್ಲಿಯೇ ಮೊದಲನೆಯದಾದ ಆ ತೋಪಿನಲ್ಲಿ ಶತಮಾನಗಳನ್ನು ಕಂಡ ಹುಣಸೆಮರಗಳಿವೆ. ಅವುಗಳ ಒಣಮರದಲ್ಲಿ ಜೂನಿಪರ್‌ನ ಚೂಪಾದ ಬಿಳಿ ಮೊನೆಗಳನ್ನು ಹುಡುಕಬೇಡಿ. ಕಾಂಡದ ಒಳಗೆ ಟೊಳ್ಳಾಗಿ, ಒಂದು ಬದಿ ತೆರೆದುಕೊಂಡು, ತೆರೆದ ಅಂಚುಗಳಲ್ಲಿ ಜೀವಂತ ತೊಗಟೆ ದಪ್ಪಗೆ ಒಳಕ್ಕೆ ಸುತ್ತಿಕೊಂಡ ಬಗೆಯನ್ನು ಹತ್ತಿರದಿಂದ ನೋಡಿ, ಚಿತ್ರ ತೆಗೆದುಕೊಳ್ಳಿ. ನಿಮ್ಮ ಹುಣಸೆಗೆ ಬೇಕಾದದ್ದು ಈ ರೂಪ. ಜಪಾನೀಯರು ಸಾಬಾಮಿಕಿ ಎಂದು ಕರೆಯುವ ಸೀಳುಕಾಂಡ ಇದಕ್ಕೆ ಹತ್ತಿರದ್ದು, ಅವರು ಅದನ್ನು ಹೆಚ್ಚಾಗಿ ತಮ್ಮ ಉಮೆ (ಜಪಾನಿ ಏಪ್ರಿಕಾಟ್) ಗಿಡದಲ್ಲಿ ಮಾಡುತ್ತಾರೆ.

ನಿಮ್ಮ ಹುಣಸೆಯ ಹಿಂಬದಿಯಲ್ಲಿ ದಪ್ಪ ಕೊಂಬೆ ಕತ್ತರಿಸಿದ ದೊಡ್ಡ ಗಾಯ ಚಿತ್ರದಲ್ಲಿ ಕಾಣುತ್ತದೆ. ಆರಂಭಕ್ಕೆ ಅದೇ ಸರಿಯಾದ ಜಾಗ. ಗಾಯದ ನಡುವಿನ ಒಣಕಟ್ಟಿಗೆಯನ್ನು ಗೋರುಳಿಯಿಂದ ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಪೊಟರೆಯನ್ನು ನಾರಿನ ಗುಂಟ ಕೆಳಕ್ಕೆ ಉದ್ದ ಮಾಡಿ. ಅದರ ಬಾಯಿ ದುಂಡಗಿರದೆ ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ ಇರಲಿ. ಸುತ್ತಲಿನ ಜೀವಂತ ಅಂಚನ್ನು ಮುಟ್ಟದಿದ್ದರೆ ಅದು ತಾನೇ ಒಳಕ್ಕೆ ಉರುಳಿ ತುಟಿ ಕಟ್ಟುತ್ತದೆ. ಇಲ್ಲಿ ಲೈಮ್ ಸಲ್ಫರ್‌ಗೆ ಇಂಕನ್ನು ಧಾರಾಳವಾಗಿ ಬೆರೆಸಿ, ಒಳಭಾಗ ಕಪ್ಪು-ಕಂದಾಗಿಯೇ ಇರಬೇಕು, ಹುಣಸೆಯಲ್ಲಿ ಬಿಳುಪು ಒಪ್ಪುವುದಿಲ್ಲ. ಪೊಟರೆಯ ತಳದಲ್ಲಿ ಮಳೆನೀರು ನಿಲ್ಲದ ಹಾಗೆ ಕೆಳಗಿನ ಅಂಚನ್ನು ಹೊರಕ್ಕೆ ಇಳಿಜಾರು ಮಾಡಿ. ಅದು ಸಾಧ್ಯವಾಗದಷ್ಟು ಆಳವಾಗಿದ್ದರೆ ತಳದಿಂದ ಕಾಂಡದ ಹಿಂಭಾಗಕ್ಕೆ, ಒಣಕಟ್ಟಿಗೆಯಲ್ಲಿಯೇ ಹಾದುಹೋಗುವಂತೆ, ಸಣ್ಣ ತೂತು ಕೊರೆದು ನೀರಿಗೆ ದಾರಿ ಬಿಡಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಳು ಕಡ್ಡಿ ಹಾಕಿ ಆ ತೂತು ಕಟ್ಟಿಕೊಂಡಿಲ್ಲವೆಂದು ನೋಡಿಕೊಳ್ಳಿ.